ವಿವಿ ಬದಲಾದಂತೆಲ್ಲ ಅಂಗಿ ಬದಲಾಯಿತು: ಕೊಪ್ಪಳದ ಕಾಲೇಜು ಕ್ರೀಡೆಗೆ ನೆಲೆ ಎಲ್ಲಿ?

2025ರ ಫೆಬ್ರುವರಿಯಲ್ಲಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿಯು ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ, ಅವುಗಳ ವ್ಯಾಪ್ತಿಯ ಕಾಲೇಜುಗಳನ್ನು ಮರಳಿ ಮಾತೃ ವಿಶ್ವವಿದ್ಯಾಲಯಗಳಿಗೆ ಸೇರಿಸಬಹುದೆಂಬ ಅಭಿಪ್ರಾಯಕ್ಕೆ ಬಂದಿತು. ಆ ಪಟ್ಟಿಯಲ್ಲಿ ಕೊಪ್ಪಳ ವಿಶ್ವವಿದ್ಯಾಲಯದ ಹೆಸರೂ ಇತ್ತು. ಅಂದಿನಿಂದ ಜಿಲ್ಲೆಯಲ್ಲಿ ನಡೆದ ಚರ್ಚೆಯೆಲ್ಲ ಅನುದಾನ, ಭೂಮಿ, ಹುದ್ದೆ ಮತ್ತು ಸ್ನಾತಕೋತ್ತರ ವಿಭಾಗಗಳ ಸುತ್ತಲೇ ಸುತ್ತಿತು. ಅವು ಮುಖ್ಯ ವಿಷಯಗಳೇ, ಅನುಮಾನವಿಲ್ಲ. ಆದರೆ ವಿಶ್ವವಿದ್ಯಾಲಯವೊಂದು ಹುಟ್ಟಿದಾಗ ಅಥವಾ ಅಳಿದಾಗ ಕಾಲೇಜಿನ ಮೈದಾನದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಕೇಳಬೇಕಾದ ಪ್ರಶ್ನೆ ಅದು. ಏಕೆಂದರೆ ನಮ್ಮಲ್ಲಿ ಕಾಲೇಜು ಕ್ರೀಡೆಯ ಚುಕ್ಕಾಣಿ ಇರುವುದು ಕಾಲೇಜಿನ ಕೈಯಲ್ಲಿ ಅಲ್ಲ, ವಿಶ್ವವಿದ್ಯಾಲಯದ ಕೈಯಲ್ಲಿ. ತಂಡ ಕಟ್ಟುವುದು, ಶಿಬಿರ ನಡೆಸುವುದು, ಪ್ರಯಾಣದ ವೆಚ್ಚ ಕೊಡುವುದು, ಪ್ರಮಾಣಪತ್ರ ನೀಡುವುದು ಎಲ್ಲವೂ ವಿವಿಯ ಕೆಲಸ. ಆ ವಿವಿಯೇ ಮೇಲಿಂದ ಮೇಲೆ ಬದಲಾದರೆ ಆಟಕ್ಕೆ ಪರಂಪರೆ ಎಂಬುದು ಕೂಡಿಬರುವುದಾದರೂ ಹೇಗೆ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಕಾಲೇಜು ಕ್ರೀಡೆಯ ಚರಿತ್ರೆಯನ್ನು ಅವಲೋಕಿಸಿದರೆ ಕಾಣುವ ಮೊದಲ ಸಂಗತಿ ಇದೇ.

ಅರವತ್ತು ವರ್ಷ, ನಾಲ್ಕು ವಿವಿ

ನಿಜಾಮರ ಆಳ್ವಿಕೆಯ ಕಾಲದಲ್ಲಿ ಈ ಭಾಗದ ಯುವಕನೊಬ್ಬ ಪದವಿ ಪಡೆಯಬೇಕಾದರೆ ಹೈದರಾಬಾದಿನ ದಾರಿ ಹಿಡಿಯಬೇಕಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಕನ್ನಡದ ಮಕ್ಕಳಿಗೆ ಊರೂ ದೂರ, ಭಾಷೆಯೂ ದೂರ. ಕಾಲೇಜೇ ಕೈಗೆಟುಕದಿದ್ದಾಗ ಕಾಲೇಜಿನ ಆಟದ ಮಾತೆಲ್ಲಿ? ಊರಿನ ಆಟ ಗರಡಿಮನೆಯಲ್ಲಿ, ಜಾತ್ರೆ ಉರುಸುಗಳ ಕುಸ್ತಿ ಕಣದಲ್ಲಿ, ಸುಗ್ಗಿ ಮುಗಿದ ಹೊಲಗಳಲ್ಲಿ ಉಳಿದುಕೊಂಡಿತು.

1956ರ ರಾಜ್ಯ ಪುನರ್ವಿಂಗಡಣೆಯಿಂದ ಪರಿಸ್ಥಿತಿ ಬದಲಾಯಿತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉನ್ನತ ಶಿಕ್ಷಣದ ಹೊಣೆ 1949ರಲ್ಲಿ ಸ್ಥಾಪನೆಯಾಗಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಗಲೇರಿತು. 1960ರ ದಶಕದಲ್ಲಿ ಗವಿಮಠದ ಆಶ್ರಯದಲ್ಲಿ ಕೊಪ್ಪಳದಲ್ಲಿ ಶ್ರೀ ಗವಿಸಿದ್ಧೇಶ್ವರ ಕಾಲೇಜು ತಲೆ ಎತ್ತಿದಾಗ ಅದು ಧಾರವಾಡದ ತೆಕ್ಕೆಯಲ್ಲೇ ಇತ್ತು. ಆ ಪೀಳಿಗೆಯ ವಿದ್ಯಾರ್ಥಿಗೆ 'ಯೂನಿವರ್ಸಿಟಿ ಬ್ಲೂ' ಆಗುವುದೆಂದರೆ ಧಾರವಾಡದ ಅಂಗಿ ತೊಡುವುದು ಎಂದೇ ಅರ್ಥವಾಗಿತ್ತು.

1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅವಿಭಜಿತ ರಾಯಚೂರು ಜಿಲ್ಲೆಯ ಭಾಗವಾಗಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಪ್ರಾದೇಶಿಕ ನ್ಯಾಯದ ದೃಷ್ಟಿಯಿಂದ ಅದು ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಕೊಪ್ಪಳದ ಆಟಗಾರನ ಪಾಲಿಗೆ ಆಯ್ಕೆ ಶಿಬಿರದ ಊರು ಹತ್ತಿರವಾಗುವ ಬದಲು ದೂರವಾಯಿತು. ಕೊಪ್ಪಳದಿಂದ ಧಾರವಾಡಕ್ಕಿರುವ ದಾರಿಗಿಂತ ಕಲಬುರಗಿಯ ದಾರಿ ಸುಮಾರು ದುಪ್ಪಟ್ಟು.

1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾಗಿ ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳು ಅದಕ್ಕೆ ಸೇರಿದವು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಏಳು ಹೊಸ ವಿವಿಗಳನ್ನು ರಚಿಸಲಾಯಿತು. ಅವುಗಳಲ್ಲೊಂದಾದ ಕೊಪ್ಪಳ ವಿವಿ 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್‌ನ ಎಂಜಿನಿಯರಿಂಗ್ ಕಾಲೇಜು ಆವರಣದಲ್ಲಿ ಕಾರ್ಯಾರಂಭ ಮಾಡಿತು. ಎರಡು ವರ್ಷ ತುಂಬುವ ಮೊದಲೇ ಅದನ್ನು ಮುಚ್ಚುವ ಮಾತು ಹೊರಬಿತ್ತು.

ಅರವತ್ತು ವರ್ಷಗಳಲ್ಲಿ ನಾಲ್ಕು ವಿಶ್ವವಿದ್ಯಾಲಯಗಳು. ವಿಲೀನವಾದರೆ ಮತ್ತೊಮ್ಮೆ ಬದಲಾವಣೆ. ಒಂದೇ ಮನೆಯ ಅಜ್ಜ ಧಾರವಾಡಕ್ಕೆ, ತಂದೆ ಕಲಬುರಗಿಗೆ, ಅಣ್ಣ ಬಳ್ಳಾರಿಗೆ, ತಮ್ಮ ಕೊಪ್ಪಳಕ್ಕೆ ಆಡಿರಲು ಸಾಧ್ಯ. ನಾಲ್ವರೂ ಓದಿದ್ದು ಅದೇ ಕಾಲೇಜಿನಲ್ಲಿ, ಓಡಿದ್ದು ಅದೇ ಮೈದಾನದಲ್ಲಿ. ಆದರೆ ಅವರ ಸಾಧನೆ ನಾಲ್ಕು ಬೇರೆ ಬೇರೆ ಕಚೇರಿಗಳ ಕಡತಗಳಲ್ಲಿ ಹಂಚಿಹೋಗಿರುತ್ತದೆ.

ವ್ಯವಸ್ಥೆ ನಡೆಯುವ ಬಗೆ

ನಮ್ಮ ಕಾಲೇಜು ಕ್ರೀಡೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ಕಾಲೇಜಿನೊಳಗಿನ ಆಯ್ಕೆ. ಅನಂತರ ವಿವಿ ವ್ಯಾಪ್ತಿಯ ಅಂತರ ಕಾಲೇಜು ಪಂದ್ಯಾವಳಿ. ಅಲ್ಲಿ ಗಮನ ಸೆಳೆದವರನ್ನು ಸೇರಿಸಿ ವಿವಿ ತಂಡ. ಆ ತಂಡಕ್ಕೆ ಕೆಲದಿನಗಳ ತರಬೇತಿ ಶಿಬಿರ. ಆಮೇಲೆ ದಕ್ಷಿಣ ವಲಯ ಅಂತರ ವಿವಿ ಪಂದ್ಯಾವಳಿ. ಅಲ್ಲಿ ಮುಂದೆ ಬಂದ ತಂಡಗಳಿಗೆ ಅಖಿಲ ಭಾರತ ಮಟ್ಟ. ಮೇಲಿನ ಹಂತಗಳನ್ನು ನಿಯಂತ್ರಿಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಹುಟ್ಟಿದ ಸಂಸ್ಥೆ 1973ರಲ್ಲಿ ಈ ಹೆಸರು ಪಡೆಯಿತು. ಕ್ರೀಡೆಯಲ್ಲಿ ಒಟ್ಟಾರೆ ಶ್ರೇಷ್ಠ ಸಾಧನೆ ತೋರಿದ ವಿವಿಗೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ನೀಡುವ ಪದ್ಧತಿ 1956-57ರಿಂದ ನಡೆದುಬಂದಿದೆ.

ಈ ಏಣಿಯಲ್ಲಿ ಕಾಲೇಜಿನ ಹೆಸರು ಎರಡನೆಯ ಮೆಟ್ಟಿಲಿನಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಇರುವುದು ವಿವಿಯ ಹೆಸರು ಮಾತ್ರ. ಗಂಗಾವತಿಯ ಸರ್ಕಾರಿ ಕಾಲೇಜಿನ ಕಬಡ್ಡಿ ಆಟಗಾರನೊಬ್ಬ ದಕ್ಷಿಣ ವಲಯದಲ್ಲಿ ಎದುರಾಳಿಯ ಅಂಗಳದಿಂದ ಮೂವರನ್ನು ಹೊರಗಟ್ಟಿ ಬಂದರೂ ಅಂಕಪಟ್ಟಿಯಲ್ಲಿ ಗಂಗಾವತಿಯ ಹೆಸರು ಕಾಣುವುದಿಲ್ಲ.

ಪದವಿ ತರಗತಿಯ ಅವಧಿ ಮೂರು ವರ್ಷ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟಿತು. ಮೂರು ವರ್ಷಕ್ಕೊಮ್ಮೆ ತಂಡ ಪೂರ್ತಿಯಾಗಿ ಹೊಸದಾಗುತ್ತದೆ ಎಂದಾಯಿತು. ಹೀಗಿರುವಾಗ ಆಟದ ನೆನಪನ್ನು ಕಾಯಬೇಕಾದವರು ಆಟಗಾರರಲ್ಲ. ಸಂಸ್ಥೆ, ದೈಹಿಕ ಶಿಕ್ಷಣ ನಿರ್ದೇಶಕರು ಮತ್ತು ದಾಖಲೆ ಪುಸ್ತಕ. ನಿರ್ದೇಶಕರ ಹುದ್ದೆ ಖಾಲಿ ಬಿದ್ದು ಆ ಹೊಣೆ ಬೇರೆ ವಿಷಯದ ಉಪನ್ಯಾಸಕರ ಪಾಲಾದ ಕಡೆ ತಂಡವೇನೋ ಹೊರಡುತ್ತದೆ, ಆದರೆ ಹಿಂದಿನ ವರ್ಷ ಕಲಿತದ್ದು ಮುಂದಿನ ವರ್ಷಕ್ಕೆ ದಾಟುವುದಿಲ್ಲ. ಸೆಮಿಸ್ಟರ್ ಪದ್ಧತಿ ಬಂದ ಮೇಲಂತೂ ಪಂದ್ಯಾವಳಿಗೂ ಪರೀಕ್ಷೆಗೂ ನಡುವೆ ಉಸಿರಾಡಲು ಸಿಗುವ ಅವಕಾಶ ಕಡಿಮೆಯಾಗಿದೆ.

ಒಂದೇ ಜಿಲ್ಲೆ, ಹಲವು ಅಂಗಿಗಳು

ಸಮಸ್ಯೆಯ ಇನ್ನೊಂದು ಮುಖವೂ ಇದೆ. ಇಂದು ಕೊಪ್ಪಳ ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳೆಲ್ಲ ಒಂದೇ ವಿವಿಯ ಮಕ್ಕಳಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿವಿಗೆ ಸೇರಿದವನು. ಕೊಪ್ಪಳದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಗೆ ಸೇರಿದವಳು. ಮುನಿರಾಬಾದಿನ ತೋಟಗಾರಿಕೆ ಕಾಲೇಜು ಬಾಗಲಕೋಟೆಯ ತೋಟಗಾರಿಕಾ ವಿವಿಯ ಅಂಗ. ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳಿಗೆಂದೇ 2003ರಲ್ಲಿ ಆರಂಭವಾದ ವಿಜಯಪುರದ ಮಹಿಳಾ ವಿವಿ ಬೇರೆಯೇ ಇದೆ.

ಇದರ ಪರಿಣಾಮ ವಿಚಿತ್ರ. ಮುನಿರಾಬಾದಿನ ಓಟಗಾರನೂ ಕೊಪ್ಪಳದ ಓಟಗಾರನೂ ಕೆಲವೇ ಮೈಲಿಗಳ ಅಂತರದಲ್ಲಿದ್ದಾರೆ. ಆದರೆ ಅವರು ಅಧಿಕೃತವಾಗಿ ಮುಖಾಮುಖಿಯಾಗಬೇಕಾದರೆ ಇಬ್ಬರೂ ತಮ್ಮ ತಮ್ಮ ವಿವಿ ತಂಡಕ್ಕೆ ಆಯ್ಕೆಯಾಗಿ ಯಾವುದೋ ದೂರದ ಊರಿನ ಅಂತರ ವಿವಿ ಕೂಟಕ್ಕೆ ಹೋಗಬೇಕು. ನೆರೆಹೊರೆಯ ಪೈಪೋಟಿಯೇ ಆಟದ ಉಸಿರು. ಊರಿನ ಜನ ಮೈದಾನಕ್ಕೆ ಬರುವುದು ತಮ್ಮ ಹುಡುಗರು ಪಕ್ಕದ ಊರಿನವರನ್ನು ಎದುರಿಸುವುದನ್ನು ನೋಡಲು. ನಮ್ಮ ವ್ಯವಸ್ಥೆ ಆ ಪೈಪೋಟಿಗೆ ಎಡೆಯನ್ನೇ ಉಳಿಸಿಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲ್ ಹೇಳುವುದೇನು?

ನೆರೆಯ ಪೈಪೋಟಿಯನ್ನೇ ಅಡಿಪಾಯವಾಗಿಟ್ಟು ಕಾಲೇಜು ಕ್ರೀಡೆಯನ್ನು ಕಟ್ಟಿದ ದೇಶ ಅಮೆರಿಕ. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಲ್ಲಿ ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ತಳ್ಳಿ ಮುನ್ನುಗ್ಗುವ ಆಟ. ಅದರ ಚರಿತ್ರೆ ಆರಂಭವಾಗುವುದು 1869ರ ನವೆಂಬರ್ 6ರಂದು, ನ್ಯೂಜೆರ್ಸಿ ರಾಜ್ಯದ ಎರಡು ನೆರೆಯ ಕಾಲೇಜುಗಳಾದ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವಿನ ಪಂದ್ಯದಿಂದ. ಒಂದೊಂದು ಕಡೆ 25 ಮಂದಿ. ರಟ್ಗರ್ಸ್ 6-4ರಿಂದ ಗೆದ್ದಿತು. ಅಂದಿನ ಆಟ ಇಂದಿನ ಸಾಕರ್‌ಗೆ ಹತ್ತಿರವಾಗಿತ್ತು. 1880ರ ದಶಕದಲ್ಲಿ ಯೇಲ್‌ನ ವಾಲ್ಟರ್ ಕ್ಯಾಂಪ್ ರೂಪಿಸಿದ ನಿಯಮಗಳಿಂದ ಅದು ಪ್ರತ್ಯೇಕ ಆಟವಾಗಿ ಬೆಳೆಯಿತು.

ಆ ಬೆಳವಣಿಗೆ ನಿಷ್ಕಳಂಕವೇನೂ ಅಲ್ಲ. 1905ರ ಒಂದೇ ಹಂಗಾಮಿನಲ್ಲಿ ಕನಿಷ್ಠ 18 ಯುವಕರು ಈ ಆಟದಿಂದ ಸತ್ತರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ಒತ್ತಾಯಿಸಬೇಕಾಯಿತು. ಮರುವರ್ಷ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಅದೇ ವರ್ಷ ಹುಟ್ಟಿದ ಸಂಘಟನೆ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆದು ಅಲ್ಲಿನ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾಯಿತು. 1972ರ ಶಿಕ್ಷಣ ಕಾಯ್ದೆಯ ಒಂಬತ್ತನೆಯ ಅಧ್ಯಾಯ ಲಿಂಗ ತಾರತಮ್ಯವನ್ನು ನಿಷೇಧಿಸಿದ ಫಲವಾಗಿ ವಿದ್ಯಾರ್ಥಿನಿಯರಿಗೂ ಮೈದಾನದ ಬಾಗಿಲು ತೆರೆಯಿತು.

ಆಮೇಲೆ ಬಂದದ್ದು ದುಡ್ಡಿನ ಹೊಳೆ. ಟಿ.ವಿ. ಪ್ರಸಾರದ ಮೇಲೆ ಎನ್‌ಸಿಎಎ ಹೊಂದಿದ್ದ ಏಕಸ್ವಾಮ್ಯವನ್ನು 1984ರಲ್ಲಿ ಸುಪ್ರೀಂ ಕೋರ್ಟ್ ತೊಡೆದುಹಾಕಿತು. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳ ಬಳಕೆಯಿಂದ ಹಣ ಗಳಿಸಲು ಅವಕಾಶ ದೊರೆಯಿತು. 2025ರ ನ್ಯಾಯಾಲಯದ ಒಪ್ಪಂದದಂತೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಕಾಲೇಜು ಕ್ರೀಡಾಂಗಣಗಳು ಅಲ್ಲಿವೆ. ಓದು ಯಾವುದು, ಉದ್ಯಮ ಯಾವುದು ಎಂಬ ಗೆರೆ ಮಸುಕಾಗಿದೆ. ಇದನ್ನು ನಾವು ಅನುಕರಿಸಬೇಕೆಂದು ಯಾರೂ ಹೇಳಲಾರರು.

ಆದರೆ ದುಡ್ಡಿನ ಹೊಳೆ ಹರಿಯುವ ಮೊದಲೇ ಅಲ್ಲಿ ಇದ್ದ ಕೆಲವು ಸಂಗತಿಗಳನ್ನು ಗಮನಿಸಬೇಕು. ಕಾಲೇಜು ತನ್ನದೇ ಹೆಸರಿನಲ್ಲಿ ಆಡುತ್ತದೆ. ಪ್ರತಿ ವರ್ಷ ನಿಗದಿಯಾದ ಕಾಲದಲ್ಲಿ ಅದೇ ನೆರೆಯ ಎದುರಾಳಿಯನ್ನು ಎದುರಿಸುತ್ತದೆ. ಪ್ರತಿಯೊಂದು ಪಂದ್ಯದ ಫಲಿತಾಂಶ ಬರೆದಿಟ್ಟಿರುತ್ತದೆ. ಹಳೆಯ ವಿದ್ಯಾರ್ಥಿಗಳು ಆ ದಿನ ಮರಳಿ ಬರುತ್ತಾರೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಾಗಿರಲಿಲ್ಲ. 1869ರ ಆ ಪಂದ್ಯದ ಅಂಕಗಳು ಇಂದಿಗೂ ತಿಳಿದಿರುವುದು ಯಾರೋ ಬರೆದಿಟ್ಟಿದ್ದರಿಂದ.

ಮುಚ್ಚಿದ ತಂಡಗಳ ಕಥೆ

ಅಮೆರಿಕದಲ್ಲಿಯೂ ತಂಡಗಳನ್ನು ಮುಚ್ಚಿದ ಉದಾಹರಣೆಗಳುಂಟು. ಷಿಕಾಗೊ ವಿಶ್ವವಿದ್ಯಾಲಯ ಒಂದು ಕಾಲದಲ್ಲಿ ಈ ಆಟದ ಅಗ್ರ ಸಾಲಿನಲ್ಲಿತ್ತು. ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ನೀಡುವ, ಈಗ ಹೈಸ್‌ಮನ್ ಟ್ರೋಫಿ ಎಂದು ಹೆಸರಾದ ಪ್ರಶಸ್ತಿಯನ್ನು 1935ರಲ್ಲಿ ಮೊದಲು ಪಡೆದವರು ಅಲ್ಲಿನ ಜೇ ಬರ್ವಾಂಗರ್. ನಾಲ್ಕೇ ವರ್ಷಗಳ ಬಳಿಕ, 1939ರಲ್ಲಿ, ಅದರ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಅವರ ಕಾಲದಲ್ಲಿ ವಿವಿ ಫುಟ್‌ಬಾಲ್ ತಂಡವನ್ನೇ ರದ್ದುಪಡಿಸಿತು. ವಿದ್ಯಾಸಂಸ್ಥೆಯ ಗುರಿಗೂ ಆ ಆಟದ ಆಡಂಬರಕ್ಕೂ ಹೊಂದಾಣಿಕೆಯಿಲ್ಲ ಎಂಬುದು ಅವರ ನಿಲುವು. ಖಾಲಿ ಬಿದ್ದ ಆ ಕ್ರೀಡಾಂಗಣದ ಪ್ರೇಕ್ಷಕರ ಗ್ಯಾಲರಿಯ ಕೆಳಗೇ 1942ರ ಡಿಸೆಂಬರ್‌ನಲ್ಲಿ ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಯಿತು. 1969ರಲ್ಲಿ ತಂಡ ಮರಳಿ ಬಂತು. ಈ ಬಾರಿ ಸಣ್ಣ ಪ್ರಮಾಣದಲ್ಲಿ, ಕ್ರೀಡಾ ವಿದ್ಯಾರ್ಥಿವೇತನದ ಆಮಿಷವಿಲ್ಲದೆ. ಆಟವನ್ನು ಅದರ ಅಳತೆಯಲ್ಲಿಟ್ಟರೆ ಓದಿನೊಂದಿಗೆ ಬಾಳಬಲ್ಲದು ಎಂಬುದಕ್ಕೆ ಅದು ನಿದರ್ಶನ.

ಎರಡನೆಯದು ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ವಿವಿ. ಅಲ್ಲಿನ ಆಡಳಿತ 2014ರ ಡಿಸೆಂಬರ್ 2ರಂದು ಖರ್ಚಿನ ಕಾರಣ ನೀಡಿ ಫುಟ್‌ಬಾಲ್ ತಂಡವನ್ನು ಮುಚ್ಚಿತು. ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ನಗರದ ವರ್ತಕರು ಸುಮ್ಮನಿರಲಿಲ್ಲ. ಲೆಕ್ಕವನ್ನು ಮತ್ತೆ ಮಾಡಿಸಿದರು, ದೇಣಿಗೆಯ ವಾಗ್ದಾನ ಕೂಡಿಸಿದರು. ಆರೇ ತಿಂಗಳಲ್ಲಿ, 2015ರ ಜೂನ್ 1ರಂದು, ಆಡಳಿತ ತನ್ನ ನಿರ್ಧಾರವನ್ನು ಹಿಂಪಡೆಯಿತು. 2017ರಲ್ಲಿ ಮೈದಾನಕ್ಕಿಳಿದ ತಂಡ ಆ ವರ್ಷ ಎಂಟು ಪಂದ್ಯ ಗೆದ್ದಿತು; ಮರುವರ್ಷ ತನ್ನ ಗುಂಪಿನ ಪ್ರಶಸ್ತಿಯನ್ನೇ ಪಡೆಯಿತು.

ಬರ್ಮಿಂಗ್‌ಹ್ಯಾಮ್‌ನ ಜನರು ಹೋರಾಡಲು ಸಾಧ್ಯವಾದದ್ದು ಏಕೆ? ತಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿತ್ತು. ತಂಡಕ್ಕೆ ಹೆಸರಿತ್ತು, ಎದುರಾಳಿಗಳಿದ್ದರು, ದಾಖಲೆಯಿತ್ತು. ಕೊಪ್ಪಳದಲ್ಲಿ ವಿವಿ ಉಳಿಸಿ ಎಂಬ ಕೂಗು ಎದ್ದಾಗ ಆ ಕೂಗಿನೊಳಗೆ ಆಟಕ್ಕೆ ಜಾಗ ಸಿಗದಿದ್ದುದಕ್ಕೆ ಕಾರಣವೂ ಇಲ್ಲಿಯೇ ಇದೆ. ಒಂದೆಡೆ ಕೂಡಿಟ್ಟ ಚರಿತ್ರೆ ಇಲ್ಲದಿದ್ದರೆ ಅದನ್ನು ಉಳಿಸಿಕೊಳ್ಳುವ ಆಸೆಯೂ ಮೂಡುವುದಿಲ್ಲ.

ನಮ್ಮ ರಾಜ್ಯದಲ್ಲೇ ಇರುವ ಮಾದರಿ

ಅಮೆರಿಕ ದೂರವಾಯಿತು ಎನ್ನುವವರು ಕರಾವಳಿಯತ್ತ ನೋಡಬಹುದು. ಮಂಗಳೂರು ವಿವಿ ಮತ್ತು ಗುಲ್ಬರ್ಗ ವಿವಿ ಒಂದೇ ವರ್ಷ, 1980ರಲ್ಲಿ, ಹುಟ್ಟಿದ ಸಂಸ್ಥೆಗಳು. ಮಂಗಳೂರು ವಿವಿ ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್‌ನಲ್ಲಿ ಹಲವು ಬಾರಿ ಸಮಗ್ರ ಪ್ರಶಸ್ತಿ ಗೆದ್ದು ದೇಶದ ಗಮನ ಸೆಳೆಯಿತು. 2020 ಮತ್ತು 2022ರ ಜನವರಿಯಲ್ಲಿ ಆ ಕೂಟಗಳು ನಡೆದದ್ದು ಮೂಡುಬಿದಿರೆಯಲ್ಲಿ; ಎರಡರಲ್ಲೂ ಮಂಗಳೂರು ವಿವಿಯೇ ಚಾಂಪಿಯನ್.

ಆ ಗೆಲುವುಗಳ ಹಿಂದಿದ್ದ ಮುಖ್ಯ ಶಕ್ತಿ ವಿವಿಯ ಆಡಳಿತ ಕಚೇರಿಗಿಂತ ಹೆಚ್ಚಾಗಿ ಮೂಡುಬಿದಿರೆಯ ಆಳ್ವಾಸ್ ಕಾಲೇಜು. ಡಾ. ಎಂ. ಮೋಹನ ಆಳ್ವ ಅವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಊಟ, ವಸತಿ, ಓದು, ತರಬೇತಿಗಳನ್ನು ಒಂದೇ ಕಡೆ ಒದಗಿಸುವ ಪದ್ಧತಿಯನ್ನು ಬೆಳೆಸಿತು. ಅಲ್ಲಿ ಓಡಿ ಗೆದ್ದವರೆಲ್ಲ ಕರಾವಳಿಯವರಲ್ಲ. ಉತ್ತರ ಕರ್ನಾಟಕದ ಮಕ್ಕಳೂ, ಹೊರರಾಜ್ಯದವರೂ ಅಲ್ಲಿದ್ದಾರೆ. ತನ್ನೂರಿನಲ್ಲಿ ಮೈದಾನವೂ ತರಬೇತಿಯೂ ಸಿಗದ ಪ್ರತಿಭೆ ಸಿಗುವ ಕಡೆಗೆ ವಲಸೆ ಹೋಗುವುದು ಸಹಜ. ದುಡಿಮೆಗಾಗಿ ಗುಳೆ ಹೋಗುವ ನಾಡಿನಲ್ಲಿ ಆಟಕ್ಕಾಗಿಯೂ ಗುಳೆ ಹೋಗುವಂತಾಗಿರುವುದು ವಿಷಾದದ ಸಂಗತಿ.

2022ರಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆದಾಗ ಪದಕ ಪಟ್ಟಿಯ ಮೊದಲ ಸ್ಥಾನ ಪಡೆದದ್ದು ಆತಿಥೇಯ ಜೈನ್ ವಿವಿ. ಅದು ಸಂಯೋಜಿತ ಕಾಲೇಜುಗಳ ಒಕ್ಕೂಟವಲ್ಲ. ಕ್ರೀಡಾಪಟುಗಳ ಓದು, ತರಬೇತಿ, ತಂಡ ಎಲ್ಲವೂ ಒಂದೇ ಆಡಳಿತದ ಅಡಿಯಲ್ಲಿರುವ ಸಂಸ್ಥೆ. ಎರಡೂ ಉದಾಹರಣೆಗಳು ಹೇಳುವುದು ಒಂದೇ ಮಾತನ್ನು. ಕ್ರೀಡೆ ಬೆಳೆಯುವುದು ಅದನ್ನು ತನ್ನದೆಂದು ಭಾವಿಸಿ ವರ್ಷಾನುಗಟ್ಟಲೆ ಸಲಹುವ ಒಂದು ನೆಲೆ ಇದ್ದಲ್ಲಿ. ವಿವಿಯ ನಾಮಫಲಕ ಆ ನೆಲೆಗೆ ಬದಲಿಯಾಗಲಾರದು.

ಸಣ್ಣ ವಿವಿಯ ಲಾಭ, ನಷ್ಟ

ಹಾಗಾದರೆ ಕೊಪ್ಪಳ ವಿವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನಬಹುದೇ? ಹಾಗೆ ಹೇಳುವುದು ಸರಿಯಾಗದು. ಕಬಡ್ಡಿ ತಂಡವೊಂದರಲ್ಲಿ ಇರುವುದು ಹನ್ನೆರಡು ಮಂದಿ. ಬಳ್ಳಾರಿ, ವಿಜಯನಗರ, ಕೊಪ್ಪಳ ಮೂರೂ ಜಿಲ್ಲೆಗಳಿಗೆ ಒಂದೇ ವಿವಿ ಇದ್ದರೆ ಆ ಹನ್ನೆರಡು ಸ್ಥಾನಗಳಿಗೆ ಮೂರು ಜಿಲ್ಲೆಗಳ ಪೈಪೋಟಿ. ಕೊಪ್ಪಳಕ್ಕೇ ಒಂದು ವಿವಿ ಇದ್ದರೆ ಹನ್ನೆರಡೂ ಸ್ಥಾನ ಇಲ್ಲಿನವರಿಗೆ. ಅಂತರ ವಿವಿ ಮಟ್ಟದಲ್ಲಿ ಆಡಿದ ಪ್ರಮಾಣಪತ್ರಕ್ಕೆ ಪೊಲೀಸ್, ರೈಲ್ವೆ ಮುಂತಾದ ಕಡೆ ಕ್ರೀಡಾ ಕೋಟಾದ ನೇಮಕಾತಿಯಲ್ಲಿ ಬೆಲೆಯಿದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಮನೆಯ ಮಗನಿಗೋ ಮಗಳಿಗೋ ಆ ಕಾಗದ ಜೀವನದ ದಾರಿಯನ್ನೇ ಬದಲಿಸಬಲ್ಲದು. ವಿದ್ಯಾರ್ಥಿನಿಯರ ವಿಷಯದಲ್ಲಂತೂ ಆಯ್ಕೆ ಶಿಬಿರದ ಊರು ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ ಇರುವುದೇ ಅನೇಕ ವೇಳೆ ಮನೆಯವರ ಒಪ್ಪಿಗೆಗೆ ಆಧಾರ.

ನಷ್ಟದ ಬಾಬತ್ತೂ ಇದೆ. ವಿವಿಗಳ ಕ್ರೀಡಾ ಚಟುವಟಿಕೆ ಬಹುಮಟ್ಟಿಗೆ ವಿದ್ಯಾರ್ಥಿಗಳಿಂದ ಸಂಗ್ರಹಿಸುವ ಕ್ರೀಡಾ ಶುಲ್ಕವನ್ನು ಅವಲಂಬಿಸಿದೆ. ಕಾಲೇಜುಗಳು ಕಡಿಮೆಯಾದರೆ ಆ ನಿಧಿಯೂ ಕಿರಿದು. ಪೂರ್ಣಾವಧಿ ತರಬೇತುದಾರರಿಲ್ಲದೆ, ಸ್ವಂತ ಮೈದಾನವಿಲ್ಲದೆ ದಕ್ಷಿಣ ವಲಯಕ್ಕೆ ಹೊರಟ ತಂಡ ಮೊದಲ ಪಂದ್ಯದಲ್ಲೇ ಸೋತು ರೈಲು ಹತ್ತಿದರೆ, ಪ್ರಮಾಣಪತ್ರ ದೊರೆಯುತ್ತದೆ, ಆಟ ಬೆಳೆಯುವುದಿಲ್ಲ. ಪ್ರಮಾಣಪತ್ರ ಹಂಚುವುದೇ ವಿವಿಯ ಕ್ರೀಡಾ ವಿಭಾಗದ ಸಾಧನೆ ಎಂದಾಗಬಾರದು.

ಮಾಡಬಹುದಾದದ್ದು

ವಿವಿಯ ಹಣೆಬರಹ ಬೆಂಗಳೂರಿನಲ್ಲಿ ತೀರ್ಮಾನವಾಗುವಂಥದ್ದು. ಆದರೆ ಜಿಲ್ಲೆಯೊಳಗೇ ಮಾಡಬಹುದಾದ ಕೆಲಸಗಳಿವೆ. ಅವು ವಿವಿ ಉಳಿದರೂ ಬೇಕು, ವಿಲೀನವಾದರೂ ಬೇಕು.

ಮೊದಲನೆಯದು, ಯಾವ ವಿವಿಗೆ ಸೇರಿದವರೆಂಬುದನ್ನು ಕೇಳದೆ ಜಿಲ್ಲೆಯ ಎಲ್ಲ ಕಾಲೇಜುಗಳಿಗೂ ತೆರೆದ ವಾರ್ಷಿಕ ಕೂಟ. ಪದವಿ, ಎಂಜಿನಿಯರಿಂಗ್, ವೈದ್ಯಕೀಯ, ತೋಟಗಾರಿಕೆ, ಮಹಿಳಾ ಕಾಲೇಜು ಎಲ್ಲವೂ ತಮ್ಮ ಸ್ವಂತ ಹೆಸರಿನಲ್ಲಿ ಆಡಬೇಕು. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಅಥ್ಲೆಟಿಕ್ಸ್ ಇಷ್ಟಿದ್ದರೆ ಆರಂಭಕ್ಕೆ ಸಾಕು. ಕೊಪ್ಪಳದಲ್ಲೊಂದು ವರ್ಷ, ಗಂಗಾವತಿಯಲ್ಲೊಂದು ವರ್ಷ, ಕುಷ್ಟಗಿಯಲ್ಲೊಂದು ವರ್ಷ, ಯಲಬುರ್ಗಾದಲ್ಲೊಂದು ವರ್ಷ ನಡೆಯಲಿ. ಹೊಸ ತಾಲ್ಲೂಕುಗಳಾದ ಕನಕಗಿರಿ, ಕಾರಟಗಿ, ಕುಕನೂರುಗಳ ಸರದಿಯೂ ಬರಲಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆಯ ನಾಡಿನಲ್ಲಿ ಓಡುವ ಕಾಲುಗಳನ್ನು ಕಾಣುವ ಕಣ್ಣುಗಳೂ ಬೇಕಲ್ಲವೇ?

ಎರಡನೆಯದು ದಾಖಲೆ. ಪ್ರತಿ ಕಾಲೇಜಿನಲ್ಲಿ ಒಂದು ಕ್ರೀಡಾ ದಾಖಲೆ ಪುಸ್ತಕ ಇರಬೇಕು. ಯಾರು, ಯಾವ ವರ್ಷ, ಯಾವ ಆಟದಲ್ಲಿ, ಯಾವ ವಿವಿಗೆ ಆಡಿದರು ಎಂಬುದು ಅದರಲ್ಲಿ ಬರೆದಿರಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಕಪಾಟಿನಲ್ಲಿ ಪ್ರಮಾಣಪತ್ರಗಳೂ ತಂಡದ ಛಾಯಾಚಿತ್ರಗಳೂ ಇವೆ. ಧಾರವಾಡ, ಕಲಬುರಗಿ, ಬಳ್ಳಾರಿಗಳ ಕಡತಗಳಲ್ಲಿರುವುದನ್ನು ನಕಲು ತರಿಸಿಕೊಳ್ಳಲು ಬೇಕಾದದ್ದು ಒಂದು ಪತ್ರ ಮತ್ತು ಸ್ವಲ್ಪ ತಾಳ್ಮೆ.

ಮೂರನೆಯದು ಹುದ್ದೆ. ಸಂವಿಧಾನದ 371-ಜೆ ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ದೊರೆತು 2013ರಿಂದ ಜಾರಿಯಲ್ಲಿದೆ. ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲಾತಿಯೂ ಇದೆ. ಈ ಭಾಗದ ಸರ್ಕಾರಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ ಇದ್ದರೆ ಅದನ್ನು ತುಂಬಲು ಬೇಕಾದ ಕಾನೂನಿನ ಆಸರೆ ಇದ್ದೇ ಇದೆ. ಹಣದ ಮಾತಿಗೆ ಬಂದರೆ, 2023-24ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ರಾಜ್ಯ ಸರ್ಕಾರ 5,000 ಕೋಟಿ ರೂಪಾಯಿ ಘೋಷಿಸಿತ್ತು. ಕಾಂಪೌಂಡು, ಕಮಾನುಗಳ ನಡುವೆ ಒಂದು ಓಟದ ಪಥಕ್ಕೂ ಕೆಲವು ತರಬೇತುದಾರರ ಸಂಬಳಕ್ಕೂ ಅದರಲ್ಲಿ ಎಡೆ ಇಲ್ಲದೇನಿಲ್ಲ.

ನಾಲ್ಕನೆಯದು, ವಿಲೀನವಾಗುವುದೇ ಆದರೆ ಆದೇಶದಲ್ಲಿ ಕ್ರೀಡೆಯ ಬಗ್ಗೆ ಸ್ಪಷ್ಟ ಉಲ್ಲೇಖ ಇರಬೇಕೆಂದು ಒತ್ತಾಯಿಸುವುದು. ಕೊಪ್ಪಳ ಜಿಲ್ಲೆಯನ್ನು ಪ್ರತ್ಯೇಕ ಕ್ರೀಡಾ ವಲಯವಾಗಿ ಉಳಿಸುವುದು, ಆಯ್ಕೆ ಶಿಬಿರಗಳಲ್ಲಿ ಕೆಲವನ್ನಾದರೂ ಇಲ್ಲಿಯೇ ನಡೆಸುವುದು, ಈಗಾಗಲೇ ಕೊಪ್ಪಳ ವಿವಿಯ ಹೆಸರಿನಲ್ಲಿ ಆಡಿದವರ ದಾಖಲೆಯನ್ನು ಸುರಕ್ಷಿತವಾಗಿ ವರ್ಗಾಯಿಸುವುದು. ಪದವಿ ಪ್ರಮಾಣಪತ್ರದ ಬಗ್ಗೆ ತೋರುವ ಎಚ್ಚರವನ್ನು ಆಟದ ಪ್ರಮಾಣಪತ್ರದ ಬಗ್ಗೆಯೂ ತೋರಬೇಕಾಗುತ್ತದೆ.

ವಿಶ್ವವಿದ್ಯಾಲಯಗಳ ಗಡಿಗಳನ್ನು ಸರ್ಕಾರಗಳು ಎಳೆಯುತ್ತವೆ, ಅಳಿಸುತ್ತವೆ. ಅದನ್ನು ತಡೆಯುವುದು ಕಾಲೇಜಿನ ಕೈಯಲ್ಲಿಲ್ಲ. ಆದರೆ ಗಂಗಾವತಿಯ ಕಾಲೇಜು ಗಂಗಾವತಿಯಲ್ಲೇ ಇರುತ್ತದೆ, ಕುಷ್ಟಗಿಯ ಕಾಲೇಜು ಕುಷ್ಟಗಿಯಲ್ಲೇ. ಆಟದ ಬೇರನ್ನು ಊರಬೇಕಾದದ್ದು ಕದಲದ ಈ ನೆಲದಲ್ಲಿ. ಮುಂದಿನ ಶೈಕ್ಷಣಿಕ ವರ್ಷದ ಕ್ರೀಡಾ ಪಂಚಾಂಗ ಸಿದ್ಧವಾಗುವ ಮೊದಲು ಜಿಲ್ಲೆಯ ಪ್ರಾಂಶುಪಾಲರು ಮತ್ತು ದೈಹಿಕ ಶಿಕ್ಷಣ ನಿರ್ದೇಶಕರು ಒಮ್ಮೆ ಒಂದೆಡೆ ಕುಳಿತು ಮಾತನಾಡಿದರೆ, ಮೊದಲ ಕೂಟದ ದಿನಾಂಕ ಗೊತ್ತುಪಡಿಸಲು ಯಾವ ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ.